ಒಂಬತ್ತರ ಮಗ, ಎಪ್ಪತ್ತನಾಲ್ಕರ ಅತ್ತೆ: ರಸ್ತೆಯಲ್ಲಿ ಯಾರಿಗೆ ಅಪಾಯ ಜಾಸ್ತಿ?

ಪ್ರಶ್ನೆ: ನಮ್ಮ ಮನೆಯಲ್ಲಿ 9 ವರ್ಷದ ಮಗ, 13 ವರ್ಷದ ಮಗಳು, 74 ವರ್ಷದ ಅತ್ತೆ ಇದ್ದಾರೆ. ಸೈಕಲ್‌ನಲ್ಲೇ ಶಾಲೆಗೆ ಹೋಗ್ತೀನಿ ಅಂತ ಮಗ ಹಠ ಹಿಡಿದಿದ್ದಾನೆ. ಅತ್ತೆ ದಿನಾ ಎರಡು ಹೊತ್ತು ಒಬ್ಬರೇ ವಾಕಿಂಗ್ ಹೋಗುತ್ತಾರೆ. "ರಸ್ತೆಯಲ್ಲಿ ಸಾಯೋರು ಗಂಡಸರೇ ಜಾಸ್ತಿ, ಅಮ್ಮನ ಬಗ್ಗೆ ನೀನು ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತಾರೆ ನಮ್ಮ ಯಜಮಾನರು. ಇದು ನಿಜವಾ ಡಾಕ್ಟ್ರೇ? ವಯಸ್ಸು, ಗಂಡು-ಹೆಣ್ಣು ಅನ್ನೋದು ಪೆಟ್ಟಿನ ವಿಷಯದಲ್ಲಿ ಅಷ್ಟೊಂದು ವ್ಯತ್ಯಾಸ ಮಾಡುತ್ತಾ?

ಉತ್ತರ: ನಿಮ್ಮ ಯಜಮಾನರು ಹೇಳಿದ ಲೆಕ್ಕ ಸರಿ. ಆದರೆ ಅದರಿಂದ ಅವರ ಅಮ್ಮನಿಗೆ ಏನೂ ಆಗಲ್ಲ ಅಂತ ಹೇಳೋಕೆ ಬರುವುದಿಲ್ಲ.

ಮೊದಲು ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು ಸುಮಾರು 11.9 ಲಕ್ಷ ಜನ. ಅದರಲ್ಲಿ 2.74 ಲಕ್ಷ ಮಂದಿ ನಡೆದು ಹೋಗುತ್ತಿದ್ದವರು, 71 ಸಾವಿರ ಮಂದಿ ಸೈಕಲ್ ಮೇಲಿದ್ದವರು. ಎಲ್ಲ ಬಗೆಯ ರಸ್ತೆ ಸಾವು ಸೇರಿಸಿ ನೋಡಿದರೆ ಗಂಡಸರು ಸಾಯುವ ಸಾಧ್ಯತೆ ಹೆಂಗಸರಿಗಿಂತ ಸುಮಾರು ಮೂರು ಪಟ್ಟು. ಯಜಮಾನರು ಓದಿರುವುದು ಇದನ್ನೇ ಇರಬೇಕು. ಆದರೆ ಈ ಮೂರು ಪಟ್ಟಿನ ಒಳಗೆ ರಾತ್ರಿ ಲಾರಿ ಓಡಿಸುವವರಿದ್ದಾರೆ, ಬೈಕ್ ಹಾರಿಸುವ ಹುಡುಗರಿದ್ದಾರೆ. ಬೆಳಿಗ್ಗೆ ಆರಕ್ಕೆ ನಡೆಯಲು ಹೊರಡುವ 74ರ ಹೆಂಗಸಿಗೂ ಆ ಸಂಖ್ಯೆಗೂ ಸಂಬಂಧ ಕಡಿಮೆ.

ಇಂಥ ಅಂಕಿ ಸಿಕ್ಕಾಗಲೆಲ್ಲ ನಾನು ಅದನ್ನು ಮೂರು ಪ್ರಶ್ನೆಯಾಗಿ ಬಿಡಿಸಿಕೊಳ್ಳುತ್ತೇನೆ. ಆ ವ್ಯಕ್ತಿ ರಸ್ತೆಯಲ್ಲಿ ಎಷ್ಟು ಹೊತ್ತು ಇರುತ್ತಾರೆ, ಯಾವ ಹೊತ್ತಿನಲ್ಲಿ ಇರುತ್ತಾರೆ? ಇದ್ದಷ್ಟು ಹೊತ್ತಿನಲ್ಲಿ ಗಾಡಿ ತಾಗುವ ಸಾಧ್ಯತೆ ಎಷ್ಟು? ತಾಗಿದ ಮೇಲೆ ಆ ಮೈ ಅದನ್ನು ತಡೆದುಕೊಳ್ಳುತ್ತದೆಯೇ? ಗಂಡು-ಹೆಣ್ಣಿನ ವ್ಯತ್ಯಾಸ ಬಹುಪಾಲು ಮೊದಲನೆಯದರಲ್ಲಿ ಕಾಣಿಸುತ್ತದೆ. ವಯಸ್ಸಿನ ಆಟವೆಲ್ಲ ಎರಡನೆಯದರಲ್ಲಿ ಮತ್ತು ಮೂರನೆಯದರಲ್ಲಿ.

ಮೊದಲ ಪ್ರಶ್ನೆ ಮರೆತರೆ ಹೇಗೆ ಮೋಸ ಹೋಗುತ್ತೇವೆ ನೋಡಿ. ಇಂಗ್ಲೆಂಡಿನಲ್ಲಿ 1971ರಲ್ಲಿ 7-8 ವರ್ಷದ ಮಕ್ಕಳಲ್ಲಿ 80 ಶೇಕಡಾ ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು 9 ಶೇಕಡಾಕ್ಕೆ ಇಳಿಯಿತು. ಅದೇ ಕಾಲದಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಇಳಿಯಿತು. ರಸ್ತೆ ಸುರಕ್ಷಿತವಾಯಿತು ಅಂತ ಬೀಗುವವರಿಗೇನೂ ಕೊರತೆ ಇರಲಿಲ್ಲ. ಮಕ್ಕಳನ್ನೇ ರಸ್ತೆಯಿಂದ ಎತ್ತಿಬಿಟ್ಟರೆ ಸಾವು ಕಡಿಮೆ ಆಗದೆ ಇನ್ನೇನಾಗುತ್ತದೆ, ಅಲ್ವಾ?

ಈಗ ನಿಮ್ಮ ಮಗನ ವಿಷಯ. ಒಂಬತ್ತು ವರ್ಷದ ಹುಡುಗ ಚುರುಕಾಗಿರುತ್ತಾನೆ. ರಸ್ತೆ ನಿಯಮ ಕೇಳಿದರೆ ಪಟಪಟ ಅಂತ ಹೇಳುತ್ತಾನೆ. ಅದನ್ನು ಕೇಳಿ ನಾವು ಮೋಸ ಹೋಗುತ್ತೇವೆ. ಅವನಿಗೆ ತೊಂದರೆ ಇರುವುದು ಕಣ್ಣಲ್ಲಿ ಮತ್ತು ಹೊತ್ತಿನ ಅಂದಾಜಿನಲ್ಲಿ. ಎದುರಿಂದ ಬರುವ ಕಾರಿನ ವೇಗ ನಮಗೆ ಗೊತ್ತಾಗುವುದು ಅದು ಕಣ್ಣಿಗೆ ದೊಡ್ಡದಾಗುತ್ತಾ ಬರುವ ರೀತಿಯಿಂದ. ಕಾರು ನಮ್ಮನ್ನು ಮುಟ್ಟಲು 5 ಸೆಕೆಂಡ್ ಇದೆ ಅಂದುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಅದು ಸುಮಾರು 42 ಮೀಟರ್ ದೂರದಲ್ಲಿರುತ್ತದೆ. 60ರಲ್ಲಿದ್ದರೆ 83 ಮೀಟರ್ ದೂರದಲ್ಲಿ. ದೂರ ಇರುವುದರಿಂದ ಜೋರಾಗಿ ಬರುವ ಕಾರೇ ಚಿಕ್ಕದಾಗಿ ಕಾಣುತ್ತದೆ, ನಿಧಾನವಾಗಿ ದೊಡ್ಡದಾಗುತ್ತದೆ. ಅಂದರೆ ಹೆಚ್ಚು ಅಪಾಯದ ಕಾರೇ ಕಣ್ಣಿಗೆ ಸಾಧು! ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನವರು 2011ರಲ್ಲಿ ಇದನ್ನು ಪರೀಕ್ಷಿಸಿದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಜೋರಾಗಿ ಬರುವ ಕಾರು ಹತ್ತಿರವಾಗುತ್ತಿದೆ ಅನ್ನುವುದೇ ಖಚಿತವಾಗಿ ಗೊತ್ತಾಗುವುದಿಲ್ಲ ಅಂತ ತಿಳಿಯಿತು. ಮಗು ನೋಡಿಯೇ ದಾಟಿರುತ್ತದೆ. ನೋಡಿದ್ದು ಅದಕ್ಕೆ ಸಾಲದು, ಅಷ್ಟೇ. "ನೋಡ್ಕೊಂಡು ದಾಟೋಕೆ ಆಗಲ್ವಾ" ಅಂತ ಬೈಯುವ ಮೊದಲು ಇದನ್ನು ನೆನಪಿಡಿ.

ಸೈಕಲ್ ಮೇಲೆ ಇನ್ನೊಂದು ತೊಡಕು ಸೇರುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಸುತ್ತಲೂ ಪರದೆ ಕಟ್ಟಿ, ಪರದೆಯ ಮೇಲೆ ಗಾಡಿಗಳನ್ನು ಓಡಿಸಿ, ಮಧ್ಯೆ ನಿಲ್ಲಿಸಿದ ಸೈಕಲ್ಲಿನಲ್ಲಿ 10 ಮತ್ತು 12 ವರ್ಷದ ಮಕ್ಕಳನ್ನು ಕೂರಿಸಿ ರಸ್ತೆ ದಾಟಿಸಿದರು. ಎರಡು ಗಾಡಿಗಳ ನಡುವೆ ದೊಡ್ಡವರು ಆರಿಸಿಕೊಳ್ಳುವಷ್ಟೇ ಜಾಗವನ್ನು ಮಕ್ಕಳೂ ಆರಿಸಿಕೊಂಡರು. ಆದರೆ ಪೆಡಲ್ ತುಳಿಯಲು ಶುರು ಮಾಡುವುದೇ ತಡವಾಯಿತು. ದಾಟಿ ಮುಗಿಸುವ ಹೊತ್ತಿಗೆ ಮುಂದಿನ ಗಾಡಿ ಪಕ್ಕದಲ್ಲೇ ಇತ್ತು. ಅರ್ಧ ಸೆಕೆಂಡ್ ತಡ ಅಂದರೆ ಏನು ಮಹಾ ಅನ್ನಿಸಬಹುದು. ಗಂಟೆಗೆ 50 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 7 ಮೀಟರ್ ಮುಂದೆ ಬಂದಿರುತ್ತದೆ. ನಡೆದು ದಾಟುವುದರಲ್ಲೂ ಮಕ್ಕಳು ದೊಡ್ಡವರ ಮಟ್ಟಕ್ಕೆ ಬರುವುದು ಸುಮಾರು 14ಕ್ಕೆ ಅಂತ ಇದೇ ತಂಡ ಆಮೇಲೆ ಕಂಡುಕೊಂಡಿತು. ನಿಮ್ಮ ಮಗಳು 13ರಲ್ಲಿ ಹೆಚ್ಚು ಕಡಿಮೆ ಆ ಹೊಸ್ತಿಲಲ್ಲಿದ್ದಾಳೆ. ಮಗನಿಗೆ ಇನ್ನೂ ಐದು ವರ್ಷ ಬೇಕು.

ಇನ್ನು ಮೈ. ಕಾರಿನ ಬಂಪರ್ ದೊಡ್ಡವರ ಮೊಣಕಾಲಿಗೋ ಅದರ ಕೆಳಗೋ ಬಡಿಯುತ್ತದೆ. ಅವರು ಬಾನೆಟ್ ಮೇಲೆ ಬೀಳುತ್ತಾರೆ. ಅದೇ ಬಂಪರ್ ಮಗುವಿಗೆ ತೊಡೆಗೆ ಬಡಿಯುತ್ತದೆ, ಬಾನೆಟ್ಟಿನ ಅಂಚು ಎದೆಗೋ ಹೊಟ್ಟೆಗೋ ತಾಗುತ್ತದೆ, ಆಮೇಲೆ ತಲೆ ನೆಲಕ್ಕೆ. ತೊಡೆ, ಹೊಟ್ಟೆ-ಎದೆ, ತಲೆ: ಗಾಡಿ ಬಡಿದ ಮಗುವನ್ನು ಕರೆತಂದರೆ ಈ ಮೂರನ್ನೂ ನೋಡದೆ ಬಿಡಬೇಡಿ ಅಂತ ನಮಗೆ ಓದುವಾಗಲೇ ಕಲಿಸುತ್ತಾರೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕುತ್ತಿಗೆ ಎಳೆಯದು.

ಸೈಕಲ್ಲಿಂದ ಬಿದ್ದ ಮಕ್ಕಳಲ್ಲಿ ನಾನು ಹೆದರುವುದು ಬೇರೆಯದಕ್ಕೆ. ಮಂಡಿ ತರಚಿ ಅಳುತ್ತಾ ಬರುವ ಹುಡುಗನಿಗಿಂತ, ಬಿದ್ದು ಎದ್ದು ಸುಮ್ಮನೆ ಹೊಟ್ಟೆ ಹಿಡಿದುಕೊಂಡು ಕೂತ ಹುಡುಗ ನನಗೆ ಜಾಸ್ತಿ ಚಿಂತೆ ತರುತ್ತಾನೆ. ಬೀಳುವಾಗ ಹ್ಯಾಂಡಲ್ ತಿರುಗಿ ಅದರ ತುದಿ ಹೊಟ್ಟೆಗೆ ಚುಚ್ಚಿರುತ್ತದೆ. ಹೊರಗೆ ಒಂದು ದುಂಡು ಗುರುತು ಬಿಟ್ಟರೆ ಏನೂ ಕಾಣುವುದಿಲ್ಲ. ಒಳಗೆ ಲಿವರ್, ಸ್ಪ್ಲೀನ್ ಅಥವಾ ಪ್ಯಾಂಕ್ರಿಯಾಸ್ ಸೀಳಿರಬಹುದು. ಕೆಲವೊಮ್ಮೆ ಮರುದಿನ ವಾಂತಿ ಶುರುವಾದ ಮೇಲೆ ಗೊತ್ತಾಗುತ್ತದೆ. ಹ್ಯಾಂಡಲ್ ತುದಿಯ ರಬ್ಬರ್ ಕಿತ್ತು ಬರಿ ಪೈಪ್ ಉಳಿದಿದ್ದರೆ ಇವತ್ತೇ ಹೊಸದು ಹಾಕಿಸಿ. ಸಣ್ಣ ಕೆಲಸ, ಮರೆಯುವವರು ಬಹಳ.

ಹುಡುಗರಿಗೆ ಹುಡುಗಿಯರಿಗಿಂತ ಪೆಟ್ಟು ಜಾಸ್ತಿ ಅನ್ನುವುದು ಚಿಕ್ಕ ವಯಸ್ಸಿನಲ್ಲೇ ಕಾಣುತ್ತದೆ. ಅವರನ್ನು ಹೊರಗೆ ಬಿಡುವುದೂ ಜಾಸ್ತಿ, ಅವರು ಸಾಹಸಕ್ಕೆ ಇಳಿಯುವುದೂ ಜಾಸ್ತಿ. ಇದರಲ್ಲಿ ಹುಟ್ಟುಗುಣ ಎಷ್ಟು, ನಾವು ಬೆಳೆಸಿದ್ದು ಎಷ್ಟು ಅಂತ ಬಿಡಿಸಲು ಹೋಗುವುದಿಲ್ಲ. ಮನೆಯಲ್ಲಿ ಮಗನಿಗೆ "ಹೋಗಿ ಬಾ", ಮಗಳಿಗೆ "ಹುಷಾರು" ಅನ್ನುವುದನ್ನು ನೀವೇ ಎಷ್ಟು ಸಲ ಕೇಳಿಲ್ಲ?

ಅತ್ತೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಚಿಂತೆಯಾಗಿದ್ದು ಅವರ ಬಗ್ಗೆಯೇ.

ಒಂದು ಸಲ ದೊಡ್ಡ ರಸ್ತೆಯ ಸಿಗ್ನಲ್ ಹತ್ತಿರ ಕೂತು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ದಾಟುವವರನ್ನು ನೋಡುತ್ತಿದ್ದೆ. ಒಬ್ಬ ಅಜ್ಜಿ ಬಂದರು. ಹಸಿರು ದೀಪ ಬಂದರೂ ತಕ್ಷಣ ಇಳಿಯಲಿಲ್ಲ. ಮೊದಲು ಅಂಚಿನ ಕಲ್ಲನ್ನು ನೋಡಿದರು, ಒಂದು ಕಾಲು ಇಳಿಸಿದರು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದರು. ಅಲ್ಲಿಗೇ ಮೂರು ಸೆಕೆಂಡ್ ಹೋಯಿತು. ಆಮೇಲೆ ಒಂದು ಕೈ ಮೇಲಕ್ಕೆತ್ತಿ ಹೊರಟರು. ಕಣ್ಣು ಮಾತ್ರ ಪೂರ್ತಿ ನೆಲದ ಮೇಲೆ. ಮುಕ್ಕಾಲು ರಸ್ತೆ ದಾಟುವಷ್ಟರಲ್ಲಿ ದೀಪ ಬದಲಾಯಿತು, ಗಾಡಿಗಳ ಸದ್ದು ಏರಿತು. ಆಗ ಅವರು ತಲೆ ಎತ್ತಿದರು, ಗಾಬರಿಯಾಗಿ ನಿಂತೇಬಿಟ್ಟರು. ಅವರದ್ದೇನೂ ತಪ್ಪಿರಲಿಲ್ಲ. ಬೀಳಬಾರದು ಅಂತ ನೆಲ ನೋಡುತ್ತಿದ್ದರು.

ಹಲವು ದೇಶಗಳಲ್ಲಿ ದಾಟುವ ಸಿಗ್ನಲ್‌ಗೆ ಹೊತ್ತು ಇಡುವಾಗ ಬಹುಕಾಲ ಹಿಡಿದ ಲೆಕ್ಕ ಸೆಕೆಂಡಿಗೆ 1.2 ಮೀಟರ್. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದಾಗ ಗಂಡಸರ ಸರಾಸರಿ 0.9 ಮೀಟರ್, ಹೆಂಗಸರದ್ದು 0.8 ಬಂತು. 14 ಮೀಟರ್ ಅಗಲದ ರಸ್ತೆಯನ್ನು ತೆಗೆದುಕೊಳ್ಳಿ. ಸಿಗ್ನಲ್ ಲೆಕ್ಕದಲ್ಲಿ 12 ಸೆಕೆಂಡ್ ಸಾಕು. 0.8ರಲ್ಲಿ ನಡೆಯುವವರಿಗೆ ಹದಿನೇಳೂವರೆ ಬೇಕು. ದೀಪ ಬದಲಾದಾಗ ಅವರಿಗೆ ಇನ್ನೂ ನಾಲ್ಕೂವರೆ ಮೀಟರ್ ಉಳಿದಿರುತ್ತದೆ. ವಯಸ್ಸಾದವರಿಗೆ ಗಾಡಿ ತಾಗುವುದು ರಸ್ತೆಯ ಆಚೆಯ ಅರ್ಧದಲ್ಲಿ ಹೆಚ್ಚು ಅನ್ನುವುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ, ವಯಸ್ಸಾದಂತೆ ನಾವು ಗಾಡಿಯ ವೇಗಕ್ಕಿಂತ ಅದು ಎಷ್ಟು ದೂರ ಇದೆ ಅನ್ನುವುದನ್ನೇ ನಂಬಿ ದಾಟಲು ಶುರು ಮಾಡುತ್ತೇವೆ. ದೂರ ಇದೆ ಅಂದುಕೊಂಡ ಗಾಡಿ ಜೋರಾಗಿ ಬರುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಮಕ್ಕಳಿಗೂ ಮುದುಕರಿಗೂ ಇಲ್ಲಿ ಒಂದೇ ಕಷ್ಟ, ಕಾರಣ ಮಾತ್ರ ಬೇರೆ.

ತಾಗಿದ ಮೇಲಿನ ಕಥೆ ಇನ್ನೂ ಕಠಿಣ. ಅಮೆರಿಕದ ಅಪಘಾತ ದಾಖಲೆಗಳನ್ನು ಹಿಡಿದು ಮಾಡಿದ ಒಂದು ಲೆಕ್ಕವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಗಂಟೆಗೆ 40 ಕಿ.ಮೀ. ವೇಗದ ಕಾರು 70 ವರ್ಷದವರಿಗೆ ಬಡಿದರೆ ಸಾಯುವ ಅಪಾಯ ಎಷ್ಟೋ, 30 ವರ್ಷದವರಿಗೆ ಅಷ್ಟೇ ಅಪಾಯ ಬರಬೇಕಾದರೆ ಕಾರು 56ರಲ್ಲಿ ಬರಬೇಕು. ಮೂಳೆ ತೆಳುವಾಗಿರುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಇನ್ನೂ ಬೇಗ ತೆಳುವಾಗುತ್ತದೆ. ಯುವಕನಿಗೆ ಬರಿ ನೋವು ಕೊಡುವ ಪೆಟ್ಟಿಗೆ ಇವರ ಪಕ್ಕೆಲುಬು ನಾಲ್ಕು ಮುರಿಯುತ್ತವೆ, ಉಸಿರಾಟ ಸಣ್ಣದಾಗುತ್ತದೆ, ಮಲಗಿದಲ್ಲೇ ನ್ಯುಮೋನಿಯಾ ಬರುತ್ತದೆ. ಮಿದುಳು ವಯಸ್ಸಿನ ಜೊತೆ ಸ್ವಲ್ಪ ಕುಗ್ಗುವುದರಿಂದ ಅದನ್ನು ಬುರುಡೆಗೆ ಜೋಡಿಸುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಚಿಕ್ಕ ಪೆಟ್ಟಿಗೂ ಹರಿದು ಒಳಗೇ ರಕ್ತ ಸೋರಬಹುದು. ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಇನ್ನೂ ಜಾಸ್ತಿ. "ತಲೆ ಸ್ವಲ್ಪ ತಾಗಿತು, ಏನೂ ಆಗಿಲ್ಲ" ಅಂದವರು ಎರಡು ವಾರ ಬಿಟ್ಟು ತೊದಲುತ್ತಾ ಬಂದದ್ದನ್ನು ನೋಡಿದ್ದೇನೆ.

ಗಾಡಿಯೇ ತಾಗದೆ ಬೀಳುವವರ ಮಾತೂ ಇದೆ. ಎದ್ದ ಕಲ್ಲು, ಮುರಿದ ಚಪ್ಪಡಿ, ಒದ್ದೆ ನೆಲ. ಬಹುತೇಕ ದೇಶಗಳಲ್ಲಿ ಗಾಡಿ ಇಲ್ಲದೆ ನಡೆಯುವವರು ತಾವೇ ಬಿದ್ದರೆ ಅದು ರಸ್ತೆ ಅಪಘಾತದ ಲೆಕ್ಕಕ್ಕೇ ಬರುವುದಿಲ್ಲ. ಆಸ್ಪತ್ರೆಯ ದಾಖಲೆ ತೆರೆದರೆ ಮಾತ್ರ ಸೊಂಟ ಮುರಿದ, ಮಣಿಕಟ್ಟು ಮುರಿದ ವಯಸ್ಸಾದ ಹೆಂಗಸರು ಸಾಲು ಸಾಲಾಗಿ ಕಾಣುತ್ತಾರೆ. ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಎಂಬ ಊರಿನವರು ಇದನ್ನು ಗಮನಿಸಿ, ಚಳಿಗಾಲದಲ್ಲಿ ಕಾರು ಓಡುವ ರಸ್ತೆಗಿಂತ ಮೊದಲು ನಡೆಯುವ ದಾರಿಯ ಹಿಮ ತೆಗೆಯುವ ಹಾಗೆ ಸರದಿ ಬದಲಿಸಿದರು. ಹಿಮದಲ್ಲಿ ಜಾರಿ ಮೂಳೆ ಮುರಿದುಕೊಳ್ಳುವವರಲ್ಲಿ ನಡೆಯುವ ಹೆಂಗಸರೇ ಹೆಚ್ಚು ಇದ್ದರು. "ಸಾಯೋರು ಗಂಡಸರೇ ಜಾಸ್ತಿ" ಅನ್ನುವ ಸಾಲಿನಲ್ಲಿ ಇವರು ಯಾರೂ ಇಲ್ಲ. ಸೈಕಲ್ಲಿನ ಕಥೆಯೂ ಹಾಗೇ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ಲಿನಿಂದ ಗಂಭೀರವಾಗಿ ಗಾಯಗೊಂಡವರಲ್ಲಿ ಬಹುಪಾಲು ಜನರಿಗೆ ಮೋಟಾರು ಗಾಡಿ ತಾಗಿರುವುದೇ ಇಲ್ಲ. ಸೈಕಲ್ಲಿನಲ್ಲಿ ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು. ಅವರಲ್ಲಿ ಹತ್ತುವಾಗ, ಇಳಿಯುವಾಗ ಬೀಳುವವರೂ ಇದ್ದಾರೆ.

ಹಾಗಾದರೆ ಗಂಡಸರು ಯಾಕೆ ಹೆಚ್ಚು ಸಾಯುತ್ತಾರೆ? ಹೆಚ್ಚು ನಡೆಯುತ್ತಾರೆ ಅಂತ ನೀವು ಊಹಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಇದನ್ನು ಬಿಡಿಸಿ ನೋಡಿದರು. ನಡೆಯುವಾಗ ಸಾಯುವ ಗಂಡಸರು ಹೆಂಗಸರ 2.3 ಪಟ್ಟು. ಆದರೆ ನಡೆದ ದೂರದಿಂದ ಆದ ವ್ಯತ್ಯಾಸ ಸಣ್ಣದು. ದೊಡ್ಡ ವ್ಯತ್ಯಾಸ ಇದ್ದದ್ದು ಗಾಡಿ ತಾಗಿದ ಮೇಲೆ: ಪೆಟ್ಟು ತಿಂದವರಲ್ಲಿ ಸಾಯುವವರ ಪಾಲು ಗಂಡಸರಲ್ಲಿ ಹೆಚ್ಚು. ಗಂಡಸರ ಮೈ ಮೆತ್ತಗಿದೆ ಅಂತ ಇದರ ಅರ್ಥ ಅಂದುಕೊಳ್ಳಬೇಡಿ. ನನ್ನ ಲೆಕ್ಕದಲ್ಲಿ ಅವರು ಎಲ್ಲಿ, ಯಾವಾಗ ಪೆಟ್ಟು ತಿನ್ನುತ್ತಾರೆ ಅನ್ನುವುದೇ ಮುಖ್ಯ. ರಾತ್ರಿ, ದೀಪ ಇಲ್ಲದ ಕಡೆ, ಗಾಡಿಗಳು ಜೋರಾಗಿ ಓಡುವ ರಸ್ತೆಯಲ್ಲಿ, ಎಷ್ಟೋ ಸಲ ಕುಡಿದು. ಗಾಡಿ ಓಡಿಸುವಾಗ ಕುಡಿಯಬಾರದು ಅಂತ ಎಲ್ಲರಿಗೂ ಗೊತ್ತು. ಕುಡಿದು ನಡೆಯುವುದೂ ಸಾಯುವ ದಾರಿ ಅಂತ ಯಾರೂ ಯಾರಿಗೂ ಹೇಳುವುದಿಲ್ಲ.

ಇದರ ಮಧ್ಯೆ ಒಂದು ತಮಾಷೆಯ ಅಂಕಿ ಇದೆ. ಇಂಗ್ಲೆಂಡಿನಲ್ಲಿ ಪ್ರಯಾಣದ ಗಂಟೆಗೆ ಲೆಕ್ಕ ಹಾಕಿದಾಗ, 17ರಿಂದ 20 ವರ್ಷದ ಹುಡುಗರಿಗೆ ಸೈಕಲ್ ತುಳಿಯುವುದಕ್ಕಿಂತ ಕಾರು ಓಡಿಸುವುದರಲ್ಲೇ ಸಾವಿನ ಅಪಾಯ ಜಾಸ್ತಿ ಇತ್ತು. ಸೈಕಲ್ ಬೇಡ ಅಂತ ತಡೆದು ಕಾರಿನ ಕೀ ಕೊಡುವ ಅಪ್ಪ-ಅಮ್ಮ ಇದನ್ನೊಂದು ಸಲ ಓದಲಿ.

ಹೆಂಗಸರಿಗೆ ಅವರದ್ದೇ ಆದ ಅಪಾಯಗಳೂ ಇವೆ. ಬ್ರಿಟನ್ನಿನಲ್ಲಿ ಸೈಕಲ್ ಸವಾರರಿಂದ ದಿನಚರಿ ಬರೆಸಿದಾಗ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳು ಹೆಂಗಸರಿಗೆ ಪ್ರತಿ ಮೈಲಿಗೆ ಹೆಚ್ಚು ಬಂದವು. ಮುಖ್ಯ ಕಾರಣ ವೇಗ. ಗಂಟೆಗೆ 13 ಕಿ.ಮೀ.ಗಿಂತ ನಿಧಾನ ಹೋಗುವವರಿಗೆ, 19ಕ್ಕಿಂತ ಜೋರಾಗಿ ಹೋಗುವವರ ಮೂರು ಪಟ್ಟು ಇಂಥ ಅನುಭವ. ನಿಧಾನ ಹೋಗುವವರನ್ನು ಹೆಚ್ಚು ಗಾಡಿಗಳು ಹಿಂದೆ ಹಾಕುತ್ತವೆ, ಅದೂ ಮೈಗೆ ಸವರಿಕೊಂಡು. ಲಂಡನ್ನಿನಲ್ಲಿ 2009ರಲ್ಲಿ ಸತ್ತ 13 ಸೈಕಲ್ ಸವಾರರಲ್ಲಿ 10 ಮಂದಿ ಹೆಂಗಸರು, ಅವರಲ್ಲಿ 8 ಮಂದಿ ಲಾರಿಗೆ ಸಿಕ್ಕವರು. ಸಿಗ್ನಲ್‌ನಲ್ಲಿ ನಿಯಮದಂತೆ ಲಾರಿಯ ಪಕ್ಕ ಅಂಚಿಗೆ ನಿಂತವರು ಚಾಲಕನ ಕಣ್ಣಿಗೆ ಬೀಳದೆ, ಲಾರಿ ತಿರುಗಿದಾಗ ಅಡಿಗೆ ಹೋಗುತ್ತಾರೆ ಅಂತ ಆಗ ದೊಡ್ಡ ಚರ್ಚೆಯಾಯಿತು. ಒಂದು ವರ್ಷದ 13 ಸಾವಿನಿಂದ ಹೆಂಗಸರ ಸ್ವಭಾವದ ಮೇಲೆ ಸಿದ್ಧಾಂತ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಲಾರಿಯ ಕುರುಡು ಜಾಗ ನಿಜ. 2021ರಿಂದ ಲಂಡನ್ ಅದಕ್ಕೇ ಭಾರಿ ಲಾರಿಗಳ ಕಿಟಕಿಯಿಂದ ಎಷ್ಟು ಕಾಣುತ್ತದೆ ಅಂತ ಅಳೆದು ಒಳಗೆ ಬಿಡುತ್ತಿದೆ.

ಎತ್ತರವೂ ಒಂದು ವಿಷಯ. ಬಾನೆಟ್ 10 ಸೆಂಟಿಮೀಟರ್ ಏರಿದರೆ ಗಾಡಿ ಬಡಿದ ಪಾದಚಾರಿ ಸಾಯುವ ಅಪಾಯ ಸುಮಾರು 22 ಶೇಕಡಾ ಏರುತ್ತದೆ ಅಂತ ಅಮೆರಿಕದ ದಾಖಲೆಗಳ ಮೇಲೆ 2024ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಹೆಂಗಸರು, ಮಕ್ಕಳು, ವಯಸ್ಸಾದವರಲ್ಲಿ ಈ ಏರಿಕೆ ಇನ್ನೂ ಜಾಸ್ತಿ. ಗಿಡ್ಡ ಇದ್ದಷ್ಟೂ ಬಾನೆಟ್ಟಿನ ಅಂಚು ಎದೆಗೆ, ತಲೆಗೆ ಹತ್ತಿರ. ಕಾರು ಪಾದಚಾರಿಯ ಕಾಲಿಗೆ ಬಡಿದರೆ ಏನಾಗುತ್ತದೆ ಅಂತ ಪರೀಕ್ಷಿಸುವ ಕೃತಕ ಕಾಲು ಇರುವುದಾದರೂ ಮಧ್ಯಮ ಮೈಕಟ್ಟಿನ ಗಂಡಸಿನ ಅಳತೆಯದ್ದು.

ಸೈಕಲ್ ಹೆಂಗಸರಿಗೆ ಆಗಿ ಬರುವುದಿಲ್ಲ ಅನ್ನುವ ಮಾತು ಮಾತ್ರ ಸುಳ್ಳು. ನೆದರ್ಲೆಂಡ್ಸ್‌ನಲ್ಲಿ ಗಂಡಸರಷ್ಟೇ ಹೆಂಗಸರೂ ತುಳಿಯುತ್ತಾರೆ. ಅಲ್ಲಿ ಸೈಕಲ್‌ಗೆ ಬೇರೆ ದಾರಿ ಇದೆ.

ಈಗ ನಿಮ್ಮ ಮನೆಗೆ. ಮಗನನ್ನು ಸೈಕಲ್ಲಿನಲ್ಲಿ ಬಿಡಿ, ಆದರೆ ದೊಡ್ಡವರೊಬ್ಬರು ಅವನ ಹಿಂದೆ ಸ್ವಲ್ಪ ರಸ್ತೆಯ ಮಧ್ಯದ ಬದಿಗೆ ತುಳಿಯಲಿ. ಗಾಡಿಗಳು 30ಕ್ಕಿಂತ ಜೋರಾಗಿ ಓಡುವ ರಸ್ತೆ ಬಂದರೆ ಇಳಿದು ತಳ್ಳಿಕೊಂಡು ದಾಟಲಿ. ಯಾಕೆ 30 ಅಂದರೆ, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೂ ಒಣ ರಸ್ತೆಯಲ್ಲಿ 30ರ ಕಾರು ಸುಮಾರು 13 ಮೀಟರಿನಲ್ಲಿ ನಿಂತುಬಿಡುತ್ತದೆ. 50ರ ಕಾರು ಆ 13 ಮೀಟರ್ ಮುಗಿಸುವಾಗ ಚಾಲಕನ ಕಾಲು ಇನ್ನೂ ಬ್ರೇಕ್ ಮುಟ್ಟಿರುವುದಿಲ್ಲ. ಹೆಲ್ಮೆಟ್ ಹಾಕಿಸಿ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಗಂಭೀರ ತಲೆಪೆಟ್ಟು ಸುಮಾರು 60 ಶೇಕಡಾ ಕಡಿಮೆಯಾಗುತ್ತದೆ ಅಂತ ಕಂಡಿದೆ. ಹೊಟ್ಟೆಯನ್ನು, ಕಾಲನ್ನು ಅದು ಕಾಯುವುದಿಲ್ಲ. ಮಗಳನ್ನು ಒಬ್ಬಳೇ ಬಿಡಬಹುದು. ಲಾರಿ, ಬಸ್ಸಿನ ಪಕ್ಕ ನುಗ್ಗಿ ನಿಲ್ಲಬೇಡ, ಹಿಂದೆಯೇ ನಿಲ್ಲು ಅಂತ ಒಂದು ಮಾತು ಕಲಿಸಿ. ಹಿಂದೆ ನಿಂತರೆ ಎರಡು ನಿಮಿಷ ತಡವಾಗಬಹುದು, ಅಷ್ಟೇ.

ಅತ್ತೆಯ ವಾಕಿಂಗ್ ನಿಲ್ಲಿಸಬೇಡಿ. ನಡೆಯದಿದ್ದರೆ ಕಾಲಿನ ಬಲ ಹೋಗಿ ಬೀಳುವುದು ಇನ್ನೂ ಹೆಚ್ಚುತ್ತದೆ. ದಾರಿ ಬದಲಿಸಿ. ದೊಡ್ಡ ರಸ್ತೆ ದಾಟದೆ ಸುತ್ತಿ ಬರುವ ದಾರಿ ಸಿಗುತ್ತದೆಯೇ ನೋಡಿ. ದಾಟಲೇಬೇಕಾದರೆ ಮಧ್ಯೆ ನಿಲ್ಲಲು ಕಟ್ಟೆ ಇರುವ ಕಡೆ ದಾಟಲಿ. ಹಸಿರು ಆಗಲೇ ಬಂದಿದ್ದರೆ ಹೊರಡಬೇಡಿ, ಮುಂದಿನ ಹಸಿರಿಗೆ ಕಾಯಿರಿ ಅಂತ ಹೇಳಿ. ಪೂರ್ತಿ ಬೆಳಕಾದ ಮೇಲೆ ಹೊರಡಲಿ, ತಿಳಿ ಬಣ್ಣದ ಬಟ್ಟೆ ಇರಲಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು ಬರೆದ ಚೀಟಿ ಜೊತೆಗಿರಲಿ. ತಲೆಗೆ ಸ್ವಲ್ಪ ತಾಗಿದರೂ ಅದೇ ದಿನ ಡಾಕ್ಟರಿಗೆ ತೋರಿಸಿ.

ನಿಮ್ಮ ಯಜಮಾನರ ವಯಸ್ಸು ನೀವು ಬರೆದಿಲ್ಲ. ರಾತ್ರಿ ಊಟ ಆದ ಮೇಲೆ ಕಪ್ಪು ಶರ್ಟ್ ಹಾಕಿಕೊಂಡು, ಫೋನ್ ನೋಡುತ್ತಾ ರಸ್ತೆ ಅಂಚಿನಲ್ಲಿ ಒಂದು ಸುತ್ತು ಹೋಗಿ ಬರುವ ಅಭ್ಯಾಸ ಅವರಿಗಿದ್ದರೆ, ಅವರು ಓದಿದ ಆ ಮೂರು ಪಟ್ಟಿನ ಲೆಕ್ಕ ಅವರದ್ದೇ. ಒಂದು ಟಾರ್ಚ್ ಕೊಡಿಸಿ.